ಕೀಲಿಮಣೆಯ ಮೌನ ಮತ್ತು ಗಡುವು: ಕನ್ಸೋಲ್ ಪ್ರೋಗ್ರಾಮಿನಲ್ಲಿ ಗಡಿನಾಡಿನ ಊರಹೆಸರುಗಳು

ತಾಲೂಕಿನ ಹೆಸರು ಕೇಳಿ, ಹತ್ತು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಮುಂದೆ ಸಾಗುವ ಕನ್ಸೋಲ್ ಪ್ರೋಗ್ರಾಮ್ ಮೇಲುನೋಟಕ್ಕೆ ಸುಲಭದ್ದು. ಟರ್ಬೊ ಸಿ ಕಲಿತವರಿಗೆ 'ಕೆಬಿಹಿಟ್' ನೆನಪಾಗುತ್ತದೆ. ಅದು ಕಾಯುವುದಿಲ್ಲ, ಕೀಲಿ ಒತ್ತಿದ್ದಾರೆಯೇ ಎಂದಷ್ಟೇ ಹೇಳುತ್ತದೆ. ಬಿಡುವಿಲ್ಲದೆ ಕೇಳುತ್ತಲೇ ಇದ್ದರೆ ಪ್ರೊಸೆಸರಿಗೆ ದಂಡದ ದುಡಿಮೆ. ಲಿನಕ್ಸಿನ 'ಪೋಲ್' ಮಿಲಿಸೆಕೆಂಡಿನ ಲೆಕ್ಕದಲ್ಲಿ ತಾನೇ ಕಾಯುತ್ತದೆ. ಆದರೆ ಟರ್ಮಿನಲ್ ಸಾಲುಗಟ್ಟಿ ಕೊಡುವ ಕ್ರಮದಲ್ಲಿದ್ದಾಗ ಎಂಟರ್ ಒತ್ತುವ ತನಕ ಅದಕ್ಕೆ ಏನೂ ಕಾಣದು. ಹಾಗಾಗಿ ಟರ್ಮಿನಲ್ಲಿನ ನಡವಳಿಕೆ ಹೊಂದಿಸುವ 'ಟರ್ಮಿಯೋಸ್' ಮೂಲಕ ಆ ಕ್ರಮವನ್ನು ಮೊದಲು ತೆಗೆಯಬೇಕು.

ಇಷ್ಟು ಪಠ್ಯಪುಸ್ತಕದ ಮಾತು. ತೊಡಕಿರುವುದು ಗಡುವನ್ನು ಯಾವುದಕ್ಕೆ ಹಾಕಬೇಕೆಂಬಲ್ಲಿ. ಗಡಿನಾಡಿನ ತಾಲೂಕುಗಳನ್ನೇ ನೋಡಿ: ಅಥಣಿ ಎಂದು ಬರೆಯಲು 4 ಯೂನಿಕೋಡ್ ಸಂಕೇತ ಸಾಕು; ರಾಯಬಾಗ, ಕಾಗವಾಡಗಳಿಗೆ ತಲಾ 6; ಚಿಕ್ಕೋಡಿ, ನಿಪ್ಪಾಣಿಗಳಿಗೆ ತಲಾ 8. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಬಿಟ್ಟರೆ ಅಷ್ಟೇ ಕೀಲಿಗಳು. ಇದೇ ವಿನ್ಯಾಸ ದೇವನಾಗರಿಗೂ ಇದೆ. ಮರಾಠಿಯಲ್ಲಿ ದ್ವಿತ್ವವಿಲ್ಲದೆ 'ನಿಪಾಣೀ' ಎಂದು ಬರೆಯುವವರಿಗೆ 6 ಕೀಲಿ ಸಾಕು. ಇಡೀ ಉತ್ತರಕ್ಕೆ ಒಂದೇ ಗಡುವು ಇಟ್ಟರೆ ನಿಪ್ಪಾಣಿಯವರಿಗೂ ಅಥಣಿಯವರಿಗೂ ಒಂದೇ ನ್ಯಾಯ ಸಿಗುವುದಿಲ್ಲ. ಗಡುವು ಕೀಲಿಯಿಂದ ಕೀಲಿಗೆ ಹೊಸದಾಗಿ ಶುರುವಾಗಬೇಕೆಂಬುದು ನನ್ನ ವಾದ.

ಟರ್ಮಿಯೋಸಿನ 'ವಿಟೈಮ್' ಇದಕ್ಕೆ ಸಿದ್ಧ ಉಪಾಯದಂತೆ ತೋರುತ್ತದೆ. ಆದರೆ ಕನಿಷ್ಠ ಎಷ್ಟು ಬೈಟ್‌ಗೆ ಕಾಯಬೇಕೆಂದು ಹೇಳುವ 'ವಿಮಿನ್' ಸೊನ್ನೆಗಿಂತ ಹೆಚ್ಚಿದ್ದರೆ ವಿಟೈಮಿನ ಎಣಿಕೆ ಮೊದಲ ಬೈಟ್ ಬಂದ ಮೇಲಷ್ಟೇ ಶುರು. ಯಾರೂ ಕೀಲಿ ಮುಟ್ಟದಿದ್ದರೆ ಪ್ರೋಗ್ರಾಮ್ ಕೊನೆಯಿಲ್ಲದೆ ಕೂತಿರುತ್ತದೆ. ವಿಟೈಮಿನ ಅಳತೆ ಸೆಕೆಂಡಿನ ಹತ್ತನೇ ಭಾಗ, ಗರಿಷ್ಠ ಬೆಲೆ 255, ಅಂದರೆ 25.5 ಸೆಕೆಂಡು ಮೀರದು. ಆದ್ದರಿಂದ ಪ್ರತಿ ಓದಿಗೂ ಪೋಲ್ ಕರೆಯುವುದೇ ಲೇಸು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಒಂದು ಓದಿನಲ್ಲಿ ಎರಡೇ ಬೈಟ್ ಕೈಗೆ ಬಂದರೆ ಎಸೆಯದೆ ಮೂರನೆಯದಕ್ಕಾಗಿ ಇಟ್ಟುಕೊಳ್ಳಬೇಕು. ಗಡುವು ಮುಗಿದಾಗ ಉಳಿದದ್ದನ್ನು 'ಟಿಸಿಫ್ಲಶ್'ನಿಂದ ತೊಳೆಯದಿದ್ದರೆ ಅರ್ಧ ಬರೆದ ಚಿಕ್ಕೋಡಿ ಮುಂದಿನ ಪ್ರಶ್ನೆಗೆ ಉತ್ತರವಾಗಿ ಹೋಗುತ್ತದೆ.

ಇದಕ್ಕೂ ಬಗ್ಗದ ಸಂದರ್ಭವೊಂದಿದೆ. ಲಿಪ್ಯಂತರದ ಇನ್‌ಪುಟ್ ವಿಧಾನಗಳು ಅಕ್ಷರ ಕೂಡಿಬರುವ ತನಕ ಕೀಲಿಗಳನ್ನು ತಮ್ಮಲ್ಲೇ ಹಿಡಿದಿಡಬಹುದು. ಬಳಕೆದಾರ ಬರೆಯುತ್ತಲೇ ಇರುತ್ತಾನೆ, ಪ್ರೋಗ್ರಾಮಿಗೆ ಅದು ಮೌನ. ನಿಜವಾದ ಮೌನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕನ್ಸೋಲಿನ ಒಳಗಿನಿಂದ ತಿಳಿಯುವ ದಾರಿಯಿಲ್ಲ. ಹಾಗಾಗಿ ಮೇಲಿನ ಐದೇ ತಾಲೂಕುಗಳ ಪ್ರಶ್ನೆಯಾದರೆ 1ರಿಂದ 5ರ ಅಂಕಿ ಕೊಟ್ಟು ಒಂದೇ ಕೀಲಿಗೆ ಗಡುವು ಹಾಕಬಹುದು. ಕನ್ನಡ ಅಂಕಿ ಒತ್ತಿದರೂ ಒಪ್ಪಬೇಕು. ಹೆಸರನ್ನೇ ಬರೆಸಬೇಕಾದಲ್ಲಿ ಗಡುವನ್ನು ಕೈಬಿಟ್ಟು ಎಂಟರ್‌ಗೆ ಕಾಯುವುದು ಮೇಲು.