ಜಟ್ಟಿಗಳ ವಜ್ರಮುಷ್ಟಿ

ತಮಿಳುನಾಡಿನ ಶಂಕಗಿರಿಯ ನಮ್ಮ ಮನೆಮಾತು ಕನ್ನಡ. 1792ರ ಶ್ರೀರಂಗಪಟ್ಟಣ ಒಪ್ಪಂದದವರೆಗೆ ಇಲ್ಲಿನ ಬೆಟ್ಟದ ಕೋಟೆಯೂ ಮೈಸೂರಿನದೇ. ಅದಕ್ಕೇ ಬಾಕ್ಸಿಂಗ್ ಚರಿತ್ರೆ ಓದುವಾಗಲೆಲ್ಲ ನನ್ನ ಮನಸ್ಸು ಮೈಸೂರಿನ ಜಟ್ಟಿಗಳತ್ತ ಹೋಗುತ್ತದೆ. ಮುಷ್ಟಿಯುದ್ಧವೇ ಅವರ ಕುಲಕಸುಬಾಗಿತ್ತು, ಅರಮನೆಯೇ ಆಶ್ರಯವಾಗಿತ್ತು.

1520ರ ಸುಮಾರಿಗೆ ವಿಜಯನಗರದ ಮಹಾನವಮಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಲ್ಲು ಉದುರುವಂತೆ, ಮುಖ ವಿಕಾರವಾಗುವಂತೆ ಗುದ್ದಾಡುವ ಮಲ್ಲರನ್ನು ವರ್ಣಿಸಿದ್ದಾನೆ. ಮೈಸೂರಿನ ವಿಜಯದಶಮಿಯಲ್ಲಿ ಜಟ್ಟಿಗಳ ನಡುವೆ ಅದೇ ಬಗೆಯ ಕಾಳಗ ಉಳಿದುಬಂದಿದೆ. ಬೋಳಿಸಿದ ತಲೆ, ಬಿಗಿದ ಕಾಸೆ, ಬಲಗೈ ಬೆರಳುಗಳಿಗೆ ವಜ್ರಮುಷ್ಟಿ ಎಂಬ ಮೊನೆಯುಳ್ಳ ಆಯುಧ. ಎದುರಾಳಿಯ ತಲೆಯಲ್ಲಿ ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ.

1867ರ ಕ್ವೀನ್ಸ್‌ಬೆರಿ ನಿಯಮಗಳು ಬಾಕ್ಸಿಂಗ್‌ಗೆ ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನು ಏಳಲು ಹತ್ತು ಸೆಕೆಂಡಿನ ಗಡುವು ತಂದವು. ಹೊಡೆತಕ್ಕೆ ಮಿತಿ ಹಾಕುವ ವಿವೇಕ ಜಟ್ಟಿಗಳಲ್ಲೂ ಇತ್ತು. ಜಗತ್ತಿನ ಬಾಕ್ಸಿಂಗ್ ಚರಿತ್ರೆಯಲ್ಲಿ ಅವರಿಗೊಂದು ಅಧ್ಯಾಯ ಸಲ್ಲಲೇಬೇಕು.