ಲಿಲಾವಿಗೆ ಬಂದ ಚರಿತ್ರೆ



ಮೈಸೂರಿನ ಕಡೆಯ ನಾವು ಹರಾಜು ಎನ್ನುವುದನ್ನು ಹುಬ್ಬಳ್ಳಿ-ಧಾರವಾಡದವರು ಲಿಲಾವು ಎನ್ನುತ್ತಾರೆ. ಹರಾಜು ಅರಬ್ಬೀ ಮೂಲದ ಮಾತು. ಲಿಲಾವು ಪೋರ್ತುಗೀಸರದು, ಮರಾಠಿಯ ನಾಲಗೆಯಲ್ಲಿ ಪಳಗಿ ಧಾರವಾಡದ ಕನ್ನಡಕ್ಕೆ ಬಂದುದು. ಮನೆಯ ಸಾಮಾನನ್ನು ಬೀದಿಯಲ್ಲಿ ಕೂಗಿ ಮಾರುವ ಕೆಲಸಕ್ಕೆ ನಾವಿಬ್ಬರೂ ಪರದೇಶದ ಮಾತನ್ನೇ ಹಿಡಿದೆವೆಂಬುದು ಯೋಚಿಸತಕ್ಕ ಸಂಗತಿ.

ಅರಮನೆಗಳ ಲಿಲಾವು ಗದ್ದಲದ್ದು. ಅದು ಪುಸ್ತಕಗಳಲ್ಲಿ ದಾಖಲಾಗಿದೆ. 1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸಿಂಹಾಸನವನ್ನು ತುಂಡು ತುಂಡಾಗಿ ಒಡೆದು ಹಂಚಿಕೊಂಡರು. ಅದರ ಕಟಕಟೆಯ ಮೇಲಿದ್ದ ಚಿನ್ನದ ಹುಲಿದಲೆಗಳಲ್ಲಿ ಒಂದು 2009ರಲ್ಲಿ ಲಂಡನ್ನಿನ ಹರಾಜಿಗೆ ಬಂದಿತು. 1824ರ ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಸೋತಾಗಲೂ ಅರಮನೆಯ ಭಂಡಾರ ಗೆದ್ದವರ ಕೈಸೇರಿತು. ಇವು ಎಲ್ಲರೂ ಬಲ್ಲ ಕಥೆಗಳು. ನಾನು ಹೇಳಬೇಕೆಂದಿರುವುದು ಸದ್ದಿಲ್ಲದೆ ನಡೆದ ಇನ್ನೊಂದು ಲಿಲಾವನ್ನು ಕುರಿತು. ಅದರಲ್ಲಿ ಕೂಗುವವನೂ ಇಲ್ಲ, ಪಟ್ಟಿ ಬರೆಯುವವನೂ ಇಲ್ಲ.

ಧಾರವಾಡದ ಸುತ್ತಣ ಸೀಮೆಯಲ್ಲಿ ದೇಸಾಯರು, ದೇಶಪಾಂಡೆಯರು, ಇನಾಮದಾರರು ವಾಡೆಗಳನ್ನು ಕಟ್ಟಿಕೊಂಡು ಬಾಳಿದರು. ಆ ವಾಡೆಗಳಲ್ಲಿ ಕೊರೆದ ಕಂಬಗಳಿದ್ದುವು, ಆಳೆತ್ತರದ ಸಮೆಗಳಿದ್ದುವು, ತಾಮ್ರದ ಹಂಡೆ ಕೊಪ್ಪರಿಗೆಗಳಿದ್ದುವು. ಇವೆಲ್ಲಕ್ಕಿಂತ ಜೋಪಾನವಾಗಿ ಇರಿಸಿದ್ದುದು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು. ಅದಕ್ಕೆ ರುಮಾಲು ಎಂದು ಹೆಸರು. ಕುಂಪಣಿ ಸರಕಾರವು 1852ರ 11ನೆಯ ಕಾಯಿದೆಯಂತೆ ಇನಾಮು ಭೂಮಿಗಳ ವಿಚಾರಣೆಗೆ ತೊಡಗಿದಾಗ, ಹಕ್ಕನ್ನು ತೋರಿಸಲಾರದವನ ಇನಾಮಿಗೆ ಅಪಾಯ ಬಂದಿತು. ಸನದು ಇದ್ದರೆ ಹೊಲ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಮೋಡಿ ಅಕ್ಷರದ ಆ ಹಳೆಯ ಕಾಗದಗಳನ್ನು ಮನೆತನದವರು ಬಂಗಾರಕ್ಕಿಂತ ಹೆಚ್ಚಾಗಿ ಕಾಯ್ದರು. ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹರಡುವುದು, ಹುಳು ಹಿಡಿಯದಂತೆ ಬೇವಿನ ಎಲೆ ಇಡುವುದು, ಇವೆಲ್ಲ ಮನೆಯ ಹಿರಿಯರ ವಾರ್ಷಿಕ ಕೆಲಸವಾಗಿತ್ತು.

1950ರ ದಶಕದಲ್ಲಿ ಇನಾಮುಗಳು ರದ್ದಾದುವು. 1974ರ ಭೂಸುಧಾರಣೆಯಿಂದ ಉಳಿದ ಗೇಣಿಯ ಹೊಲಗಳೂ ಉಳುವವರಿಗೆ ಸೇರಿದುವು. ಅದು ನ್ಯಾಯವೇ ಆಯಿತೆಂದು ನನ್ನ ಮತ. ಆದರೆ ರುಮಾಲಿನ ಗತಿ ಏನಾಯಿತೆಂಬುದನ್ನು ಆಗ ಯಾರೂ ಕೇಳಲಿಲ್ಲ. ಹೊಲವನ್ನು ಉಳಿಸಲಾರದ ಕಾಗದ ರದ್ದಿಯಾಯಿತು. ಮೋಡಿಯನ್ನು ಓದಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡರು. ಸಾಮಾನು ಅತ್ಯಂತ ಅಗ್ಗವಾಗುವ ಹೊತ್ತು ಇದೇ: ಉಪಯೋಗ ಸತ್ತಿದೆ, ಚರಿತ್ರೆಯೆಂಬ ಬೆಲೆ ಇನ್ನೂ ಹುಟ್ಟಿಲ್ಲ. ಗುಜರಿಯ ಅಂಗಡಿ ಬಾಳುವುದು ಈ ನಡುವಣ ಅವಧಿಯಲ್ಲಿ.

ಪಾತ್ರೆಗಳದೂ ಇದೇ ಪಾಡು. ಸ್ಟೀಲು ಬಂದ ಮೇಲೆ ತಾಮ್ರ ಹಿತ್ತಾಳೆಗಳು ಅಟ್ಟವೇರಿದುವು, ಆಮೇಲೆ ತಕ್ಕಡಿಯೇರಿದುವು. ಹುಬ್ಬಳ್ಳಿಯಲ್ಲಿ ಕಂಚಗಾರ ಗಲ್ಲಿ ಎಂಬ ಹೆಸರು ಈಗಲೂ ಇದೆ. ಬಡಿದು ಮಾಡುವವರ ಕಸುಬು ಅಲ್ಲಿ ಹೆಸರನ್ನು ಬಿಟ್ಟುಹೋಗಿದೆ. ತಕ್ಕಡಿಗೆ ತೂಕ ಗೊತ್ತು, ಕೈಕೆಲಸ ಗೊತ್ತಿಲ್ಲ. ಮೂರು ತಲೆಮಾರಿನ ಮದುವೆಗಳಿಗೆ ನೀರು ಕಾಸಿದ ಹಂಡೆಯೂ ಕೊಳವೆಯ ತುಂಡೂ ಅದರಲ್ಲಿ ಸಮಾನ.

ಈ ಹೊತ್ತನ್ನು ಅರಿತು ಮುಂಚೆಯೇ ಕೈನೀಡಿದವರೂ ಇದ್ದಾರೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಹುಳಕ್ಕೆ ಆಹಾರವಾಗುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಅವರು ಮನೆಮನೆ ತಿರುಗಿ ಬೇಡಿ ತಂದರು. 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಗ್ರಂಥಗಳು ಅಗ್ಗವಾಗಿ ಸಿಕ್ಕುವೆಂದು ಯಾರಾದರೂ ಅಂದರೆ ನನಗೆ ಈ ಮನೆಯ ನೆನಪಾಗುತ್ತದೆ. ಮುಂದೆ 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪನೆಯಾಗಿ, ಶಾಸನ, ನಾಣ್ಯ, ಹಸ್ತಪ್ರತಿಗಳಿಗೆ ಒಂದು ನೆಲೆ ದೊರೆಯಿತು.

ಮರಕ್ಕೂ ಒಬ್ಬ ಹಿತೈಷಿ ದೊರೆತರು. ಮಣಿಪಾಲದ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕೆಡವಿ ಮರದ ಬೆಲೆಗೆ ಮಾರುವ ಕಡೆಗೆ ಹೋಗಿ, ಕಂಬ ತೊಲೆಗಳನ್ನು ಮಾತ್ರವಲ್ಲ, ಮನೆಗಳನ್ನೇ ಬಿಡಿಸಿ ತಂದು ಮರಳಿ ನಿಲ್ಲಿಸಿದರು. ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಕುಕನೂರಿನ ಕಮಲಮಹಲೂ ಇಂದು ಅಲ್ಲಿವೆ. ಬಯಲುಸೀಮೆಯ ಕಟ್ಟಡ ಕರಾವಳಿಯ ಮಳೆಯಲ್ಲಿ ನಿಂತಿರುವುದು ಸರಿಯೇ ಎಂದು ಕೆಲವರು ಕೇಳಬಹುದು. ಒಲೆಗೆ ಹೋಗುವುದಕ್ಕಿಂತ ಸರಿ ಎಂಬುದು ನನ್ನ ಉತ್ತರ. ಶೆಣೈಯವರು ಯಾವುದು ಯಾವ ಊರಿನದೆಂಬುದನ್ನು ಅಳಿಸಲಿಲ್ಲ.

ಪೇಟೆ ಮೊದಲು ಅಳಿಸುವುದು ಇದನ್ನೇ. ಮಾರುವವನು ಮಾನಕ್ಕಂಜಿ ಹೆಸರು ಹೇಳುವುದಿಲ್ಲ. ನಡುವಿನವನು ಲಾಭಕ್ಕಾಗಿ ಮುಚ್ಚಿಡುತ್ತಾನೆ. ಕೊಳ್ಳುವವನು ಬೆಲೆ ಏರೀತೆಂದು ಕೇಳುವುದಿಲ್ಲ. 1972ರ ಪ್ರಾಚ್ಯವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ವಿಗ್ರಹ, ನಾಣ್ಯ ಮೊದಲಾದುವೂ, ಚಾರಿತ್ರಿಕ ಬೆಲೆಯುಳ್ಳ, ಎಪ್ಪತ್ತೈದು ವರ್ಷ ಮೀರಿದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೇ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಪರದೇಶಕ್ಕೆ ಸಾಗಿಸಕೂಡದು. ಆದರೆ ಯಾವ ಕಾಯಿದೆಯೂ ಮರೆತ ಊರಿನ ಹೆಸರನ್ನು ಮರಳಿ ತರಲಾರದು.

ಕೆಲವು ವರ್ಷಗಳ ಕೆಳಗೆ ಧಾರವಾಡದ ಒಂದು ರದ್ದಿ ಅಂಗಡಿಯಲ್ಲಿ ಹಳೆಯ ಪಠ್ಯಪುಸ್ತಕಗಳ ಕೆಳಗೆ ಕೆಂಪು ಬಟ್ಟೆಯ ಚುಂಗು ಕಂಡಿತು. ಎಳೆದು ನೋಡಿದರೆ ಮೋಡಿಯ ಕಾಗದಗಳು, ಅಂಗೈದಪ್ಪ. ತೂಕದ ಬೆಲೆಗೆ ಕೊಂಡೆ, ಒಳಗೊಳಗೇ ಹಿಗ್ಗಿದೆ. ಮನೆಗೆ ಬಂದು ಬಿಚ್ಚಿದಾಗ ಹಾಳೆಗಳು ನಡುವಿನಿಂದ ಮೊದಲಾಗುತ್ತಿದ್ದುವು. ಮೊಹರು ಇರಬೇಕಾದ ಮೊದಲ ಭಾಗವೇ ಇಲ್ಲ. ಮರುದಿನ ಓಡಿದೆ. ಅಂಗಡಿಯವರು ಸಜ್ಜನರು, ಬಹಳ ಹೊತ್ತು ಜ್ಞಾಪಿಸಿಕೊಂಡರು. "ಅರ್ಧ ಗಂಟು ಹ್ವಾದ ವಾರಾನ ಕಿರಾಣಿಯವರು ಒಯ್ದರ್ರೀ, ಪುಡಿಕಿ ಕಟ್ಟಾಕ" ಎಂದರು. ತಂದು ಮಾರಿದವರು ಯಾವ ಊರಿನವರೆಂದು ಕೇಳಿದೆ. ಚಕ್ಕಡಿಯಲ್ಲಿ ಬಂದಿದ್ದರು, ಜೊತೆಗೆ ಒಬ್ಬ ಹುಡುಗನಿದ್ದ, ಇಷ್ಟೇ ಅವರಿಗೆ ನೆನಪು.

ರುಮಾಲು ನನ್ನ ಮೇಜಿನ ಮೇಲಿದೆ. ಮೋಡಿ ಬಲ್ಲ ಮಿತ್ರರೊಬ್ಬರು ಓದಿಕೊಟ್ಟರು: ಒಂದು ಬಾವಿ, ಎರಡು ಮಾವಿನ ಮರ, ಮೂಡಣಕ್ಕೆ ಹಳ್ಳ. ಊರಿನ ಹೆಸರು ಹಿಂದಿನ ಹಾಳೆಯಲ್ಲಿತ್ತು.