ಪರಊರಿನಲ್ಲಿ ಸೂರಿಲ್ಲವೇ? ಆಶ್ರಯ ಕೇಂದ್ರದಿಂದ ಬಾಡಿಗೆ ಕರಾರಿನವರೆಗೆ ಎಲ್ಲಿ, ಏನು ನೆರವು? ಇಲ್ಲಿದೆ ಮಾಹಿತಿ

ನವದೆಹಲಿ: ಕೂಲಿ ಅರಸಿ ಪುಣೆಗೆ ಹೋದವರು, ಚಿಕಿತ್ಸೆಗೆಂದು ಮುಂಬೈ ರೈಲು ಹತ್ತಿದವರು, ಪರೀಕ್ಷೆ ಬರೆಯಲು ದೆಹಲಿಗೆ ಬಂದವರು, ಹೈದರಾಬಾದ್‌ನಲ್ಲಿ ಮನೆ ಮಾಲೀಕ ದಿಢೀರನೆ ಹೊರಹಾಕಿದವರು. ಪರಊರಿನಲ್ಲಿ ಸೂರು ಕಳೆದುಕೊಳ್ಳುವ ಕಾರಣಗಳು ಹಲವು. ಆದರೆ ಬಹುತೇಕರ ಮನಸ್ಸಿನಲ್ಲಿರುವ ಭಾವನೆ ಒಂದೇ: 'ನಾವು ಈ ಊರಿನವರಲ್ಲ, ಇಲ್ಲಿನ ವಿಳಾಸ ಇಲ್ಲ, ನಮಗೆ ಏನೂ ಸಿಗುವುದಿಲ್ಲ.'

ಇದು ಪೂರ್ತಿ ನಿಜವಲ್ಲ. ರಾತ್ರಿ ಆಶ್ರಯ, ಕಾನೂನು ನೆರವು, ಪಡಿತರ, ಮತದಾರರ ಪಟ್ಟಿಯಲ್ಲಿ ಹೆಸರು, ಇವ್ಯಾವುದಕ್ಕೂ ಸ್ವಂತ ಮನೆಯ ವಿಳಾಸ ಕಡ್ಡಾಯವಲ್ಲ. ಮನೆ ಕೊಡುವ ಯೋಜನೆಗಳಿಗೆ ಮಾತ್ರ ದಾಖಲೆ, ಆದಾಯ ಮಿತಿ, ಕೆಲವೆಡೆ ಸ್ಥಳೀಯ ವಾಸದ ಷರತ್ತು ಇರುತ್ತದೆ. ಯಾವ ಬಾಗಿಲು ಯಾವಾಗ ತಟ್ಟಬೇಕು ಎಂಬ ವಿವರ ಇಲ್ಲಿದೆ.

ಎಷ್ಟು ಜನ ವಸತಿರಹಿತರು?

2011ರ ಜನಗಣತಿ ಪ್ರಕಾರ ದೇಶದಲ್ಲಿ ಸುಮಾರು 17.73 ಲಕ್ಷ ವಸತಿರಹಿತರಿದ್ದರು. ಇವರಲ್ಲಿ 9.38 ಲಕ್ಷ ಮಂದಿ ನಗರ ಪ್ರದೇಶದವರು. ಪಾದಚಾರಿ ಮಾರ್ಗ, ಮೇಲ್ಸೇತುವೆಯ ಕೆಳಗೆ, ರೈಲು ನಿಲ್ದಾಣ, ದೇವಸ್ಥಾನದ ಮಂಟಪದಂಥ ಜಾಗಗಳಲ್ಲಿ ಬದುಕುವವರನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿತ್ತು.

ಇವರಿಗಾಗಿ ಸರ್ಕಾರಗಳು ಆಶ್ರಯ ಕೇಂದ್ರ ನಡೆಸುತ್ತಿರುವುದರ ಹಿಂದೆ ಸುಪ್ರೀಂಕೋರ್ಟ್‌ನ ಆದೇಶಗಳಿವೆ. ಆಹಾರದ ಹಕ್ಕಿನ ಪ್ರಕರಣದಲ್ಲಿ 2010ರ ಚಳಿಗಾಲದಲ್ಲಿ ಕೋರ್ಟ್ ದೆಹಲಿಯ ಬೀದಿ ಬದಿ ಮಲಗುವವರ ವಿಷಯ ಕೈಗೆತ್ತಿಕೊಂಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಪ್ರತ್ಯೇಕ ಯೋಜನೆ ರೂಪಿಸಲಾಯಿತು. ಪ್ರತಿ 1 ಲಕ್ಷ ನಗರ ಜನಸಂಖ್ಯೆಗೆ ಒಂದು ಶಾಶ್ವತ ಕೇಂದ್ರ, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ, ವರ್ಷವಿಡೀ ದಿನದ 24 ಗಂಟೆ ಸೇವೆ ಎಂಬುದು ಅದರ ಮಾನದಂಡ. ಕುಡಿಯುವ ನೀರು, ಶೌಚಾಲಯ, ಹಾಸಿಗೆ, ಪ್ರಥಮ ಚಿಕಿತ್ಸೆಯೂ ಇರಬೇಕು. ಎಲ್ಲ ಕಡೆ ಈ ಮಾನದಂಡ ಪಾಲನೆಯಾಗುತ್ತಿಲ್ಲ ಎಂಬ ದೂರಿನ ಹಿನ್ನೆಲೆಯಲ್ಲಿ ಸುಪ್ರೀಂಕೋರ್ಟ್ 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ನೇತೃತ್ವದ ಸಮಿತಿ ರಚಿಸಿತ್ತು.

ಇಂದು ರಾತ್ರಿಗೆ ಜಾಗ ಬೇಕಾದರೆ?

ಆಶ್ರಯ ಕೇಂದ್ರಗಳನ್ನು ನಡೆಸುವ ಹೊಣೆ ಸಾಮಾನ್ಯವಾಗಿ ಆಯಾ ಮಹಾನಗರ ಪಾಲಿಕೆಯದ್ದು. ಅನೇಕ ಕಡೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಿರ್ವಹಣೆ ನಡೆಯುತ್ತದೆ. ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಆ ಹೆಸರು ಗೊತ್ತಿದ್ದರೆ ಆಟೋ ಚಾಲಕರು, ಪೊಲೀಸರ ಬಳಿ ದಾರಿ ಕೇಳುವುದು ಸುಲಭ.

* ದೆಹಲಿ: ಇಲ್ಲಿ 'ರೈನ್ ಬಸೇರಾ' ಎಂದು ಕೇಳಬೇಕು. ಪಾಲಿಕೆಯ ಬದಲು ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿ (ಡಿಯುಎಸ್‌ಐಬಿ) ಇವುಗಳನ್ನು ನೋಡಿಕೊಳ್ಳುತ್ತದೆ. ಸಹಾಯವಾಣಿ 14461. ಮಹಿಳೆಯರು ಮತ್ತು ಕುಟುಂಬಗಳಿಗೆ ಪ್ರತ್ಯೇಕ ಕೇಂದ್ರಗಳಿವೆ. ಚಳಿಗಾಲದಲ್ಲಿ ಹೆಚ್ಚುವರಿ ಟೆಂಟ್ ಹಾಕಲಾಗುತ್ತದೆ, ಬೀದಿಯಲ್ಲಿ ಮಲಗಿದವರನ್ನು ಕರೆತರುವ ತಂಡಗಳೂ ಇರುತ್ತವೆ.
* ಮುಂಬೈ: 'ನಿವಾರಾ' ಅಥವಾ 'ಬೇಘರ್ ನಿವಾರಾ ಕೇಂದ್ರ' ಎನ್ನುತ್ತಾರೆ. ಬಿಎಂಸಿ ಸಹಾಯವಾಣಿ 1916, ಇಲ್ಲವೇ ವಾರ್ಡ್ ಕಚೇರಿ.
* ಪುಣೆ: 'ರಾತ್ರ ನಿವಾರಾ' ಎಂದು ಕೇಳಬಹುದು. ಪಾಲಿಕೆಯ ಸಮಾಜ ವಿಕಾಸ ವಿಭಾಗ ಅಥವಾ ಹತ್ತಿರದ ಕ್ಷೇತ್ರೀಯ ಕಾರ್ಯಾಲಯದಲ್ಲಿ ವಿಚಾರಿಸಬೇಕು.
* ಚೆನ್ನೈ: ತಮಿಳಿನಲ್ಲಿ 'ವೀಡಟ್ರೋರ್ ಕಾಪ್ಪಗಂ'. ಪಾಲಿಕೆ ಸಹಾಯವಾಣಿ 1913. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿ ರೋಗಿಗಳ ಸಂಬಂಧಿಕರಿಗಾಗಿಯೂ ಕೇಂದ್ರಗಳಿವೆ.
* ಹೈದರಾಬಾದ್: 'ನೈಟ್ ಶೆಲ್ಟರ್' ಎಂದರೆ ಸಾಕು. ಜಿಎಚ್‌ಎಂಸಿ ಸಹಾಯವಾಣಿ 040-21111111. ಇಲ್ಲಿಯೂ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಬಳಿ ಶೆಲ್ಟರ್‌ಗಳಿವೆ.

ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಾದರೂ ವಾಪಸ್ ಕಳಿಸಿದರೆ ಅಲ್ಲಿಂದಲೇ ಸಹಾಯವಾಣಿಗೆ ಕರೆ ಮಾಡಿ ದೂರು ಕೊಡಿ. ಮನೆಯೇ ಇಲ್ಲದವರು ಆಧಾರ್‌ಗೆ ಯಾವ ವಿಳಾಸ ಕೊಡಬೇಕು ಎಂಬ ಪ್ರಶ್ನೆಯನ್ನು 2018ರಲ್ಲಿ ಸುಪ್ರೀಂಕೋರ್ಟ್ ಕೂಡ ಉತ್ತರ ಪ್ರದೇಶ ಸರ್ಕಾರದ ಮುಂದಿಟ್ಟಿತ್ತು.

ಒಂದು ವಿಷಯ ಗಮನಿಸಿ: ಆಶ್ರಯ ಕೇಂದ್ರ ಬೇರೆ, ಭಿಕ್ಷುಕರ ಪುನರ್ವಸತಿ ಕೇಂದ್ರ ಬೇರೆ. ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವುದು ಎರಡನೆಯದರಲ್ಲಿ. ಆಶ್ರಯ ಕೇಂದ್ರಕ್ಕೆ ಸ್ವಂತ ಇಚ್ಛೆಯಿಂದ ಹೋಗಬಹುದು, ಬೇಕೆಂದಾಗ ಹೊರಬರಬಹುದು. ಭಿಕ್ಷಾಟನೆಯನ್ನು ಅಪರಾಧವೆಂದು ಕಾಣುವ ಸೆಕ್ಷನ್‌ಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ದೆಹಲಿಯ ಮಟ್ಟಿಗೆ ರದ್ದುಪಡಿಸಿದೆ.

ಚಿಕಿತ್ಸೆಗೆ ಬಂದವರಿಗೆ

ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್ ಸುತ್ತ ಫುಟ್‌ಪಾತ್‌ನಲ್ಲಿ ದಿನ ಕಳೆಯುವ ರೋಗಿಗಳ ಕುಟುಂಬಗಳು ಹೊಸ ದೃಶ್ಯವಲ್ಲ. ಲಾಡ್ಜ್‌ಗೆ ದುಡ್ಡು ಸುರಿಯುವ ಮುನ್ನ ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನು (ಮೆಡಿಕಲ್ ಸೋಶಿಯಲ್ ವರ್ಕರ್) ಕಾಣಬೇಕು. ಧರ್ಮಶಾಲೆಗಳಿಗೆ ಶಿಫಾರಸು ಪತ್ರ ಸಿಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಮುಂಬೈನ ದಾದರ್‌ನಲ್ಲಿರುವ ಸಂತ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಕ್ಯಾನ್ಸರ್ ರೋಗಿಗಳು ಉಳಿದುಕೊಳ್ಳುತ್ತಾರೆ. ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳಿಗೆ ಸೇಂಟ್ ಜೂಡ್ ಸಂಸ್ಥೆ ಉಚಿತ ವಸತಿ ಕೊಡುತ್ತದೆ. ಏಮ್ಸ್‌ನಲ್ಲಿ ವಿಶ್ರಾಮ ಸದನಗಳಿವೆ. ಜಾಗ ಕಡಿಮೆ, ಬೇಡಿಕೆ ಹೆಚ್ಚು. ಹಾಗಾಗಿ ಆಸ್ಪತ್ರೆ ತಲುಪಿದ ದಿನವೇ ಹೆಸರು ಬರೆಸುವುದು ಒಳ್ಳೆಯದು.

ಮಹಿಳೆಯರು, ಹಿರಿಯರು, ಮಕ್ಕಳಿಗೆ ಬೇರೆ ದಾರಿ

ಮನೆಯಲ್ಲಿ ಹಿಂಸೆ ಎದುರಿಸಿ ಹೊರಬಂದ ಮಹಿಳೆ 181ಕ್ಕೆ ಕರೆ ಮಾಡಿದರೆ 'ಸಖಿ' ಒನ್ ಸ್ಟಾಪ್ ಸೆಂಟರ್‌ನ ಸಂಪರ್ಕ ಸಿಗುತ್ತದೆ. ಅಲ್ಲಿ 5 ದಿನಗಳವರೆಗೆ ತಾತ್ಕಾಲಿಕ ಆಶ್ರಯ, ವೈದ್ಯಕೀಯ ಮತ್ತು ಕಾನೂನು ನೆರವು ಇದೆ. ಹೆಚ್ಚು ದಿನ ಬೇಕಾದರೆ 'ಶಕ್ತಿ ಸದನ'ಕ್ಕೆ ಕಳುಹಿಸಲಾಗುತ್ತದೆ. ದುಡಿಯುವ ಮಹಿಳೆಯರಿಗೆ 'ಸಖಿ ನಿವಾಸ' ಹಾಸ್ಟೆಲ್‌ಗಳಿವೆ. ತಮಿಳುನಾಡು ಸರ್ಕಾರ ಚೆನ್ನೈ ಹೊರವಲಯದ ತಾಂಬರಂ ಸೇರಿ ಹಲವೆಡೆ 'ತೋಳಿ' ಹೆಸರಿನ ಹಾಸ್ಟೆಲ್ ನಡೆಸುತ್ತಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 'ಗರಿಮಾ ಗೃಹ'ಗಳಿವೆ.

ಹಿರಿಯ ನಾಗರಿಕರು 14567, ಮಕ್ಕಳಿಗಾಗಿ 1098 ಸಂಖ್ಯೆಗೆ ಕರೆ ಮಾಡಬಹುದು. ಮಾನಸಿಕ ಅಸ್ವಸ್ಥರೊಬ್ಬರು ಬೀದಿಯಲ್ಲಿ ಅಲೆಯುತ್ತಿದ್ದರೆ 112ಕ್ಕೆ ತಿಳಿಸಿ. ಅಂಥವರನ್ನು ರಕ್ಷಿಸಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪೊಲೀಸರ ಕರ್ತವ್ಯ. ಲಾಕಪ್‌ನಲ್ಲಿ ಇರಿಸುವಂತಿಲ್ಲ.

ವಿಳಾಸ ಇಲ್ಲದೆ ದಾಖಲೆ ಮಾಡಿಸುವುದು ಹೇಗೆ?

ಆಶ್ರಯ ಕೇಂದ್ರದ ದೊಡ್ಡ ಪ್ರಯೋಜನ ಕೇವಲ ಹಾಸಿಗೆಯಲ್ಲ, ಕಾಗದಪತ್ರ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ಆಧಾರ್ ನೋಂದಣಿಗೆ ನಡೆಯುತ್ತದೆ. ಆಧಾರ್ ಬಂದರೆ ಬ್ಯಾಂಕ್ ಖಾತೆ, ಕಾರ್ಮಿಕ ಕಾರ್ಡ್‌ಗಳ ದಾರಿ ಸಲೀಸು.

ಮತದಾರರ ಪಟ್ಟಿಗೆ ಸೇರಲು ವಸತಿರಹಿತರು ವಿಳಾಸ ಪುರಾವೆ ಕೊಡಬೇಕಿಲ್ಲ. ಫಾರಂ 6ರಲ್ಲಿ ತಾವು ಮಲಗುವ ಜಾಗ ಬರೆದರೆ, ಬೂತ್ ಮಟ್ಟದ ಅಧಿಕಾರಿ ರಾತ್ರಿ ವೇಳೆ ಅಲ್ಲಿಗೆ ಹೋಗಿ, ಒಂದಕ್ಕಿಂತ ಹೆಚ್ಚು ರಾತ್ರಿ ಪರಿಶೀಲಿಸಬೇಕು ಎಂಬುದು ಚುನಾವಣಾ ಆಯೋಗದ ಸೂಚನೆ.

ಊರಿನ ರೇಷನ್ ಕಾರ್ಡ್ ಇದ್ದವರು 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ ತಾವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಆಹಾರ ಭದ್ರತಾ ಕಾಯ್ದೆಯ ಪಾಲಿನ ಧಾನ್ಯ ಪಡೆಯಬಹುದು. ಕಾರ್ಡ್ ಬದಲಿಸಬೇಕಿಲ್ಲ.

ಸರ್ಕಾರಿ ಬಾಡಿಗೆ ಮನೆ ಸಿಗುತ್ತದೆಯೇ?

ಕೋವಿಡ್ ಲಾಕ್‌ಡೌನ್ ವೇಳೆ ವಲಸೆ ಕಾರ್ಮಿಕರು ಊರಿನತ್ತ ನಡೆದ ಬಳಿಕ, 2020ರ ಜುಲೈನಲ್ಲಿ ಕೇಂದ್ರ ಸಂಪುಟ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯ (ಎಆರ್‌ಎಚ್‌ಸಿ) ಯೋಜನೆಗೆ ಒಪ್ಪಿಗೆ ನೀಡಿತು. ಸರ್ಕಾರದ ಖಾಲಿ ಫ್ಲ್ಯಾಟ್‌ಗಳನ್ನು ಬಾಡಿಗೆಗೆ ಕೊಡುವುದು ಒಂದು ಮಾದರಿ, ಸಂಸ್ಥೆಗಳು ತಮ್ಮ ಜಾಗದಲ್ಲಿ ಹೊಸದಾಗಿ ಕಟ್ಟುವುದು ಇನ್ನೊಂದು. ಮೊದಲ ಮಾದರಿಯಲ್ಲಿ ಬೇಗ ಬಾಡಿಗೆಗೆ ಬಂದದ್ದು ಚಂಡೀಗಢದ 2,195 ಮತ್ತು ಸೂರತ್‌ನ 393 ಮನೆಗಳು.

2024ರ ಸೆಪ್ಟೆಂಬರ್ 1ರಿಂದ ಜಾರಿಯಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ನಾಲ್ಕು ವಿಭಾಗಗಳಲ್ಲಿ ಬಾಡಿಗೆ ವಸತಿಯೂ ಒಂದು. ಸ್ವಂತ ಮನೆ ಬೇಡ, ಕೆಲಸದ ಊರಿನಲ್ಲಿ ಇರಲು ಜಾಗ ಸಾಕು ಎನ್ನುವವರಿಗಾಗಿ ಇದು. ಇಡೀ ಯೋಜನೆಯಲ್ಲಿ ವಾರ್ಷಿಕ 3 ಲಕ್ಷ ರೂ.ವರೆಗಿನ ಆದಾಯದವರು ಆರ್ಥಿಕವಾಗಿ ದುರ್ಬಲ ವರ್ಗ, 3ರಿಂದ 6 ಲಕ್ಷ ರೂ. ಕಡಿಮೆ ಆದಾಯ ವರ್ಗ, 6ರಿಂದ 9 ಲಕ್ಷ ರೂ. ಮಧ್ಯಮ ಆದಾಯ ವರ್ಗ. ಸ್ವಂತ ಮನೆಗೆ ನೆರವು ಬೇಕಾದರೆ ಗಂಡ, ಹೆಂಡತಿ ಅಥವಾ ಮದುವೆಯಾಗದ ಮಕ್ಕಳ ಹೆಸರಿನಲ್ಲಿ ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಊರಿನಲ್ಲಿ ಆರ್‌ಸಿಸಿ ಮನೆ ಇರುವವರು ಈ ಷರತ್ತನ್ನು ಮೊದಲೇ ನೋಡಿಕೊಳ್ಳಬೇಕು.

ಇದು ಇಂದು ಅರ್ಜಿ ಹಾಕಿ ನಾಳೆ ಬೀಗದ ಕೈ ಪಡೆಯುವ ಯೋಜನೆಯಲ್ಲ. ನಿಮ್ಮ ನಗರದಲ್ಲಿ ಬಾಡಿಗೆ ಸಮುಚ್ಚಯ ಸಿದ್ಧವಾಗಿದೆಯೇ ಎಂಬುದನ್ನು ಪಾಲಿಕೆಯಲ್ಲಿ ಕೇಳಿಯೇ ಮುಂದುವರಿಯಬೇಕು. 'ಸರ್ಕಾರಿ ಮನೆ ಕೊಡಿಸುತ್ತೇವೆ' ಎಂದು ಹಣ ಕೇಳುವ ಏಜೆಂಟರಿಂದ ದೂರವಿರಿ. ಮಹಾರಾಷ್ಟ್ರದ ಮ್ಹಾಡಾ ಲಾಟರಿ ಮನೆಗಳಿಗೆ ಆ ರಾಜ್ಯದ ವಾಸ್ತವ್ಯ ಪ್ರಮಾಣಪತ್ರ (ಡೊಮಿಸೈಲ್) ಬೇಕು.

ಖಾಸಗಿ ಬಾಡಿಗೆ: ನಗರಕ್ಕೊಂದು ಕಾನೂನು

ಹೆಚ್ಚಿನವರು ಕೊನೆಗೆ ನೆಚ್ಚಿಕೊಳ್ಳುವುದು ಖಾಸಗಿ ಬಾಡಿಗೆ ಮನೆಯನ್ನೇ. 'ಇನ್ನು ದೇಶಾದ್ಯಂತ ಎರಡೇ ತಿಂಗಳ ಅಡ್ವಾನ್ಸ್' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತದೆ. 2021ರ ಜೂನ್‌ನಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಈ ಮಿತಿ ಇರುವುದು ನಿಜ. ಆದರೆ ಅದು ಮಾದರಿ ಮಾತ್ರ. ರಾಜ್ಯ ಅಳವಡಿಸಿಕೊಳ್ಳುವವರೆಗೆ ಅದನ್ನು ತೋರಿಸಿ ಹಕ್ಕು ಕೇಳಲಾಗದು.

* ಮುಂಬೈ, ಪುಣೆ: 'ಲೀವ್ ಅಂಡ್ ಲೈಸೆನ್ಸ್' ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ ಸೆಕ್ಷನ್ 55 ಪ್ರಕಾರ ನೋಂದಣಿಯ ಹೊಣೆ ಮಾಲೀಕನದ್ದೇ. ನೋಂದಣಿ ಆಗದಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ ಬಾಡಿಗೆದಾರ ಹೇಳುವ ಷರತ್ತುಗಳಿಗೇ ಮಾನ್ಯತೆ. ಆನ್‌ಲೈನ್ ನೋಂದಣಿಯೂ ಇದೆ. ಆದರೆ ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ದುಪ್ಪಟ್ಟು ಮೊತ್ತ ತೆರಬೇಕಾಗುತ್ತದೆ.
* ಚೆನ್ನೈ: 2019ರಲ್ಲಿ ಜಾರಿಗೆ ಬಂದ ಹೊಸ ಬಾಡಿಗೆ ಕಾಯ್ದೆಯಡಿ ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಅಡ್ವಾನ್ಸ್ 3 ತಿಂಗಳ ಬಾಡಿಗೆ ಮೀರುವಂತಿಲ್ಲ. ಹೀಗಾಗಿ ಸಹಿ ಹಾಕುವ ಮುನ್ನ ಅಡ್ವಾನ್ಸ್ ಷರತ್ತು ಓದಿಸಿಕೊಳ್ಳಿ.
* ದೆಹಲಿ: 1958ರ ಬಾಡಿಗೆ ನಿಯಂತ್ರಣ ಕಾಯ್ದೆ ತಿಂಗಳಿಗೆ 3,500 ರೂ.ವರೆಗಿನ ಬಾಡಿಗೆಗೆ ಮಾತ್ರ ಅನ್ವಯ. ಅದಕ್ಕಿಂತ ಹೆಚ್ಚಿದ್ದರೆ ಕರಾರಿನಲ್ಲಿ ಬರೆದದ್ದೇ ಮುಖ್ಯ ಆಧಾರ.
* ಹೈದರಾಬಾದ್: ಇಲ್ಲಿಯೂ 1960ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆ ಇದೆ. 11 ತಿಂಗಳ ಕರಾರು ಸಾಮಾನ್ಯ. ಒಂದು ವರ್ಷ ಮೀರಿದ ಗುತ್ತಿಗೆಗೆ ದೇಶದೆಲ್ಲೆಡೆ ನೋಂದಣಿ ಕಡ್ಡಾಯವಾಗಿರುವುದೇ ಈ 11 ತಿಂಗಳ ಲೆಕ್ಕದ ಗುಟ್ಟು.

ಯಾವ ಊರೇ ಆಗಲಿ, ಅಡ್ವಾನ್ಸ್ ಮತ್ತು ಬಾಡಿಗೆಯನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಟ್ಟರೆ ರಸೀದಿ ಪಡೆಯಿರಿ. ಮನೆ ನೋಡದೆ ಟೋಕನ್ ಹಣ ಕಳುಹಿಸಬೇಡಿ. ಒಳಹೋಗುವ ದಿನ ಗೋಡೆ, ನಲ್ಲಿ, ಮೀಟರ್ ರೀಡಿಂಗ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಕರಾರು ಮರಾಠಿ, ತಮಿಳು ಅಥವಾ ತೆಲುಗಿನಲ್ಲಿದ್ದರೆ ಓದಬಲ್ಲವರಿಗೆ ತೋರಿಸದೆ ಸಹಿ ಹಾಕಬೇಡಿ. ಆ ಊರಿನ ಕನ್ನಡ ಸಂಘದಲ್ಲಿ ಇಂಥ ನೆರವಿಗೆ ಯಾರಾದರೂ ಸಿಗಬಹುದು.

ದಿಢೀರನೆ ಹೊರಹಾಕಿದರೆ?

ಬಾಡಿಗೆ ಬಾಕಿ ಇದ್ದರೂ ಮಾಲೀಕ ತಾನೇ ಬೀಗ ಜಡಿಯುವಂತಿಲ್ಲ, ಸಾಮಾನು ಬೀದಿಗೆ ಎಸೆಯುವಂತಿಲ್ಲ. ಮನೆ ಬಿಡಿಸಲು ಕಾನೂನಿನ ದಾರಿಯಲ್ಲೇ ಹೋಗಬೇಕು. ಕರಾರಿನಲ್ಲಿ ಬೇರೆ ಏನೂ ಹೇಳದಿದ್ದರೆ ತಿಂಗಳ ಬಾಡಿಗೆ ಮನೆಗೆ ಕನಿಷ್ಠ 15 ದಿನಗಳ ನೋಟಿಸ್ ಬೇಕು. ಕಾನೂನು ಮೀರಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ನೀರು, ಕರೆಂಟ್ ಕತ್ತರಿಸುವುದನ್ನು ಮಹಾರಾಷ್ಟ್ರ ಮತ್ತು ದೆಹಲಿಯ ಬಾಡಿಗೆ ಕಾಯ್ದೆಗಳು ನಿಷೇಧಿಸಿವೆ.

ವಕೀಲರಿಗೆ ದುಡ್ಡಿಲ್ಲವೇ? 15100ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ.

ಗುಡಿಸಲು ತೆರವಾದರೆ?

ಜೋಪಡಿಯಲ್ಲಿ ಇರುವವರಿಗೆ ಎಲ್ಲವೂ ದಿನಾಂಕದ ಮೇಲೆ ನಿಂತಿದೆ. ಮಹಾರಾಷ್ಟ್ರದಲ್ಲಿ 2000ದ ಜನವರಿ 1ಕ್ಕೆ ಮುಂಚಿನಿಂದ ಇದ್ದವರಿಗೆ ಉಚಿತ ಪುನರ್ವಸತಿ, 2011ರ ಜನವರಿ 1ರವರೆಗಿನವರಿಗೆ ಹಣ ಪಡೆದು ಪುನರ್ವಸತಿ. ದೆಹಲಿಯ ನೀತಿಯಲ್ಲಿ ಬಸ್ತಿ 2006ರ ಜನವರಿ 1ಕ್ಕೆ ಮೊದಲು, ಗುಡಿಸಲು 2015ರ ಜನವರಿ 1ಕ್ಕೆ ಮೊದಲು ಇದ್ದಿರಬೇಕು. ಆದ್ದರಿಂದ ಹಳೆಯ ಕರೆಂಟ್ ಬಿಲ್, ವೋಟರ್ ಐಡಿ, ಮಕ್ಕಳ ಶಾಲಾ ದಾಖಲೆ ಬಿಸಾಡಬೇಡಿ. ಎಲ್ಲದರ ಫೋಟೋ ತೆಗೆದು ಊರಿನ ಸಂಬಂಧಿಕರೊಬ್ಬರ ಫೋನಿಗೂ ಕಳುಹಿಸಿಡಿ. ತೆರವಿನ ದಿನ ಮೂಲ ಪ್ರತಿ ಕಳೆದುಹೋದರೂ ಪುರಾವೆ ಉಳಿಯುತ್ತದೆ.

ಉಳಿಸಿಟ್ಟುಕೊಳ್ಳಬೇಕಾದ ಸಂಖ್ಯೆಗಳು

* ತುರ್ತು ನೆರವು: 112
* ಮಹಿಳಾ ಸಹಾಯವಾಣಿ: 181
* ಮಕ್ಕಳ ಸಹಾಯವಾಣಿ: 1098
* ಹಿರಿಯ ನಾಗರಿಕರು: 14567
* ಉಚಿತ ಕಾನೂನು ನೆರವು: 15100
* ದೆಹಲಿ ಆಶ್ರಯ ಕೇಂದ್ರ: 14461
* ಮುಂಬೈ ಪಾಲಿಕೆ: 1916
* ಚೆನ್ನೈ ಪಾಲಿಕೆ: 1913
* ಹೈದರಾಬಾದ್ ಪಾಲಿಕೆ: 040-21111111

ಕರೆ ಮಾಡುವಾಗ ನಿಂತಿರುವ ಜಾಗದ ಗುರುತು, ಜೊತೆಗಿರುವವರ ಸಂಖ್ಯೆ, ಮಕ್ಕಳು ಅಥವಾ ರೋಗಿಗಳಿದ್ದರೆ ಆ ವಿವರ ಮೊದಲು ಹೇಳಿ. ದೂರಿನ ಸಂಖ್ಯೆ ಕೊಟ್ಟರೆ ಬರೆದಿಟ್ಟುಕೊಳ್ಳಿ. ಎರಡನೇ ಬಾರಿ ಕರೆ ಮಾಡಬೇಕಾಗಿ ಬಂದರೆ ಕೆಲಸಕ್ಕೆ ಬರುವುದು ಅದೇ.